ಅರ್ಧ ಮೀಸೆಯ ಆಲೂಗಡ್ಡೆ

"ಗುರುಗಳೇ, ಅಡುಗೆ ಮಾಡಿದವನು ಒಬ್ಬ, ಹೊಗಳಿಕೆ ಪಡೆದವನು ಇನ್ನೊಬ್ಬ. ಇದು ನ್ಯಾಯವೇ?"

ಹಾಲಯ್ಯ ಹೀಗೆ ಕೇಳಿದಾಗ ಅವನ ಕೈಯಲ್ಲಿ ಸೌಟಿತ್ತು. ಆಶ್ರಮದ ಅಡುಗೆಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಸೌಟನ್ನು ಕತ್ತಿಯ ಹಾಗೆ ಹಿಡಿದು ಬಂದಿದ್ದ. ಒಳಗೆ ಹುಳಿ, ಪಲ್ಯ, ಅನ್ನ ಸಿದ್ಧವಾಗಿದ್ದವು. ಬೆಟ್ಟ ಹತ್ತಿದ ಯಾತ್ರಿಕರು ಇನ್ನು ಸ್ವಲ್ಪ ಹೊತ್ತಿಗೆ ಇಳಿದು ಊಟಕ್ಕೆ ಬರುವವರಿದ್ದರು.

ನಡೆದದ್ದು ಇಷ್ಟು. ಹಿಂದಿನ ದಿನ ಉಂಡವರು ಹುಳಿಯನ್ನು ಬಾಯಿತುಂಬ ಹೊಗಳಿ ಕೊಟ್ರಯ್ಯನ ಬೆನ್ನು ತಟ್ಟಿ ಹೋಗಿದ್ದರು. ಕೊಟ್ರಯ್ಯ ಮಾಡಿದ್ದು ಬಡಿಸುವ ಕೆಲಸ ಮಾತ್ರ. ಬೆವರು ಸುರಿಸಿ ಬೇಯಿಸಿದವನು ಹಾಲಯ್ಯ.

"ಅವನು 'ಇದು ನನ್ನ ಕೈರುಚಿಯಲ್ಲ' ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹಲ್ಲು ಬಿಟ್ಟು ನಿಂತ. ಇವತ್ತು ತಾವು ಪಂಕ್ತಿಯ ಮುಂದೆ ನಿಂತು 'ಹುಳಿ ಮಾಡಿದ್ದು ಹಾಲಯ್ಯ' ಅಂತ ಸಾರಬೇಕು. ಅಲ್ಲಿಯವರೆಗೆ ಬೀಗ ತೆಗೆಯುವುದಿಲ್ಲ. ಬಂದವರು ಬೇಕಾದರೆ ಕೊಟ್ರಯ್ಯನ ಹಲ್ಲು ನೋಡಿ ಹೊಟ್ಟೆ ತುಂಬಿಸಿಕೊಳ್ಳಲಿ."

ಗುರುಗಳು ಬಾಳೆಎಲೆ ಒರೆಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನ್ಯಾಯವೋ ಅನ್ಯಾಯವೋ ಎಂಬುದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಭೂಮಿಯ ಮೇಲಿಲ್ಲ. ಭೂಮಿಯ ಕೆಳಗೆ ಒಬ್ಬರಿದ್ದಾರೆ" ಎಂದರು.

"ಯಾರು?"

"ಆಲೂಗಡ್ಡೆ. ಕೂತುಕೋ. ಸೌಟು ಕೆಳಗಿಡು."

"ಸೌಟು ಇಡುವುದಿಲ್ಲ."

"ಹಾಗಾದರೆ ಹಿಡಿದುಕೊಂಡೇ ಕೇಳು. ಅದೂ ಒಳ್ಳೆಯದೇ. ನನ್ನ ಕತೆ ಕೇಳುವಾಗ ಬುದ್ಧಿವಂತರು ಏನನ್ನಾದರೂ ಹಿಡಿದುಕೊಂಡಿರುತ್ತಾರೆ, ನಗೆಯಲ್ಲಿ ಕೊಚ್ಚಿಹೋಗಬಾರದಲ್ಲ. ಹಿಂದೊಮ್ಮೆ ಈ ಕತೆ ಹೇಳಿದಾಗ ಎದುರಿನ ಬಂಡೆ ನಕ್ಕು ಬಿರುಕು ಬಿಟ್ಟಿತು. ಅಗೋ, ಬಿರುಕು ಈಗಲೂ ಇದೆ."

ಸುತ್ತ ಇದ್ದ ಶಿಷ್ಯರಾದ ನಾವೆಲ್ಲ ತಿರುಗಿ ನೋಡಿದೆವು. ಬಿರುಕು ಇತ್ತು. ಗುರುಗಳು ಕತೆ ಶುರುಮಾಡಿದರು.

ಒಂದು ಬಿಸಿಲೂರು. ಎಂಥ ಬಿಸಿಲು ಎಂದರೆ, ಅಲ್ಲಿ ಹಪ್ಪಳ ಒಣಗಲು ಹರಡಿದವರು ಸುಟ್ಟ ಹಪ್ಪಳ ಎತ್ತಿಕೊಂಡು ಬರುತ್ತಿದ್ದರು. ಮಧ್ಯಾಹ್ನವಾದರೆ ಜನರ ನೆರಳುಗಳು ಜನರನ್ನು ಬೀದಿಯಲ್ಲೇ ಬಿಟ್ಟು ಮನೆಯೊಳಗೆ ಹೋಗಿ ಕೂರುತ್ತಿದ್ದವು. ನಾನು ಅಲ್ಲಿ ಕೆಲವು ಕಾಲ ಇದ್ದೆ. ನನ್ನ ನೆರಳು ಆ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ.

ಆ ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೆ ಒಂದು ಗಾಣ, ಒಬ್ಬಳು ಹೆಂಡತಿ, ಒಂದು ಮೀಸೆ. ಮೂರರಲ್ಲಿ ಹೆಚ್ಚು ಎಣ್ಣೆ ಕುಡಿಯುತ್ತಿದ್ದದ್ದು ಮೀಸೆ. ಪಕ್ಕದ ಮನೆಯಲ್ಲಿ ಒಬ್ಬ ಬಳೆಗಾರ್ತಿ. ಅವಳಿಗೆ ಒಂದು ಬಳೆಯ ಮಲಾರ, ಒಂದು ನಾಯಿ, ಹಿತ್ತಲಲ್ಲಿ ಒಂದು ದೊಡ್ಡ ಹೊಂಗೆ ಮರ. ಎರಡು ಹಿತ್ತಲುಗಳ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ.

ಒಂದು ದಿನ ಗಾಣಿಗ ಎಳ್ಳು ಒಣಗಿಸಿದ್ದ. ಹೊಂಗೆ ಮರದ ಒಂದು ಎಲೆ ಗೋಡೆ ದಾಟಿ ಬಂದು ಎಳ್ಳಿನ ಮೇಲೆ ಬಿತ್ತು. ಒಂದೇ ಎಲೆ. ಗಾಣಿಗ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹಾವು ಹಿಡಿದವನ ಹಾಗೆ, ಇಡೀ ಕೇರಿಗೆ ಕೇಳುವಂತೆ ಕೂಗಿದ.

"ಬಳೆಯವ್ವಾ! ನಿನ್ನ ಮರಕ್ಕೆ ಹದ್ದುಬಸ್ತು ಇಲ್ಲವೇ?"

ಬಳೆಗಾರ್ತಿ ಗೋಡೆಯ ಮೇಲೆ ಮುಖ ಎತ್ತಿದಳು. "ಒಂದು ಎಲೆಗೆ ಇಷ್ಟು ಕೂಗಾಡ್ತೀಯಲ್ಲೋ ಗಾಣದೆತ್ತೇ! ಎಲೆ ಯಾಕೆ, ತಗೋ, ಮರವನ್ನೇ ತಗೋ!"

ಅಂದಿನಿಂದ ಅವಳು ದಿನಾ ಬೆಳಗ್ಗೆ ತನ್ನ ಹಿತ್ತಲು ಗುಡಿಸಿ, ಉದುರಿದ ಎಲೆಯನ್ನೆಲ್ಲ ಬುಟ್ಟಿಗೆ ತುಂಬಿ ಗಾಣಿಗನ ಕಡೆಗೆ ಸುರಿಯತೊಡಗಿದಳು. ಬಳೆಯ ಪೆಟ್ಟಿಗೆಗಳಲ್ಲಿ ಬರುತ್ತಿದ್ದ ಒಣಹುಲ್ಲನ್ನೂ ಅದಕ್ಕೆ ಸೇರಿಸುತ್ತಿದ್ದಳು. ಬುಟ್ಟಿಗೊಂದು ಬೈಗುಳ. ಅವಳು ಬೈದದ್ದನ್ನು ಮತ್ತೆ ಬೈದದ್ದು ಯಾರೂ ಕೇಳಿರಲಿಲ್ಲ. ಅಷ್ಟು ದೊಡ್ಡ ಕಣಜ.

ಇದು ನಡೆಯುತ್ತಿದ್ದಾಗಲೇ ಗಾಣಿಗ ಒಂದು ದಿನ ಸಂತೆಗೆ ಹೋದ. ಅಲ್ಲಿ ತಂಪು ಸೀಮೆಯಿಂದ ಬಂದ ವ್ಯಾಪಾರಿಯೊಬ್ಬ ಆಲೂಗಡ್ಡೆ ಮಾರುತ್ತಿದ್ದ.

"ಇದನ್ನು ನಮ್ಮ ಹಿತ್ತಲಲ್ಲಿ ಬೆಳೆಯಬಹುದೇ?" ಎಂದು ಗಾಣಿಗ ಕೇಳಿದ.

"ನಿಮ್ಮೂರ ಮಣ್ಣಲ್ಲಿ ಆಲೂಗಡ್ಡೆ ಬೆಳೆಯೋದಿಲ್ಲ ಯಜಮಾನರೇ, ಬೇಯುತ್ತೆ. ಬೇಕಾದರೆ ಹೂತಿಟ್ಟು ಸಂಜೆಗೆ ಸಿಪ್ಪೆ ಸುಲಿದು ತಿನ್ನಿ" ಎಂದ ವ್ಯಾಪಾರಿ.

ಸಂತೆಯೆಲ್ಲ ನಕ್ಕಿತು. ಗಾಣಿಗ ಮೀಸೆಯ ಮೇಲೆ ಕೈಯಿಟ್ಟ. "ಬೆಳೆದು ತೋರಿಸ್ತೀನಿ. ಆಗಲಿಲ್ಲ ಅಂದರೆ ಇದನ್ನು ಬೋಳಿಸ್ತೀನಿ."

ಮೀಸೆ ಪಣಕ್ಕಿಟ್ಟ ಮೇಲೆ ಮನುಷ್ಯ ತಮಾಷೆ ಮಾಡುವುದಿಲ್ಲ. ದೀಪಾವಳಿ ಕಳೆದು ಬೆಳಗಿನ ಇಬ್ಬನಿ ಶುರುವಾದಾಗ ಗಾಣಿಗ ಮೊಳಕೆಯೊಡೆದ ಗಡ್ಡೆಗಳನ್ನು ತಂದ. ಪ್ರತಿ ಹೋಳಿಗೂ ಕಣ್ಣು ಉಳಿಯುವಂತೆ ಕತ್ತರಿಸಿದ. ಕತ್ತರಿಸಿದ ಕಡೆ ಕೊಳೆಯದಿರಲೆಂದು ಒಲೆಯ ಬೂದಿ ಬಳಿದ. ಬಾವಿಯ ನೀರು ಹರಿದು ಹೋಗುತ್ತಿದ್ದದ್ದು ಗೋಡೆಯ ಪಕ್ಕಕ್ಕೆ ಮಾತ್ರ. ಆದ್ದರಿಂದ ಅಲ್ಲೇ ಸಾಲು ತೋಡಿ, ಗಾಣದ ಹಿಂಡಿ ಹಾಕಿ, ನೆಟ್ಟ.

ಗೋಡೆಯ ಪಕ್ಕ ಎಂದರೆ ಬಳೆಗಾರ್ತಿಯ ಬುಟ್ಟಿಯ ಕೆಳಗೆ.

ಮೊದಲನೆಯ ದಿನವೇ ಸಾಲುಗಳು ಎಲೆಯಲ್ಲಿ ಮುಚ್ಚಿಹೋದವು. ಹೆಂಡತಿ ಪೊರಕೆ ತಂದಳು.

"ಮುಟ್ಟಬೇಡ!" ಎಂದ ಗಾಣಿಗ. "ಅವಳು ಸುರಿದದ್ದನ್ನು ನಾವು ಗುಡಿಸಿದರೆ ಅವಳ ಮನೆಯ ಕಸದಾಳುಗಳಾದ ಹಾಗಾಯಿತು. ಅದು ಅಲ್ಲಿ ಬಿದ್ದೇ ಇಲ್ಲ ಅಂತ ತಿಳಿ."

"ಮೊಣಕಾಲವರೆಗೆ ಬಿದ್ದಿದೆಯಲ್ಲ, ಇಲ್ಲ ಅಂತ ಹೇಗೆ ತಿಳಿಯಲಿ?"

"ನೋಡಬೇಡ. ನಾನು ನೋಡ್ತಿದ್ದೀನಾ?"

ಅವನು ನಿಜವಾಗಿಯೂ ನೋಡಲಿಲ್ಲ. ಮುಖ ಆಕಾಶಕ್ಕೆ ಮಾಡಿ ನೀರು ಬಿಟ್ಟ. ಗಿಡಗಳು ಎಲೆಯ ನಡುವಿನಿಂದ ದಾರಿ ಮಾಡಿಕೊಂಡು ಎದ್ದವು. ಕಣ್ಣು ಮುಚ್ಚಿಕೊಂಡೇ ಬುಡಕ್ಕೆ ಮಣ್ಣೇರಿಸಿದ. ಮಣ್ಣಿನ ಮೇಲೆ ಮತ್ತೆ ಎಲೆ ಬಿತ್ತು. ಅದನ್ನೂ ನೋಡಲಿಲ್ಲ. ಹಠ ಎಂಬುದು ಇದೆಯಲ್ಲ, ಅದು ಒಂದು ದೊಡ್ಡ ಯೋಗ. ನನ್ನಷ್ಟು ಹಠ ಇದ್ದವರಿಗೆ ಮಾತ್ರ ಅದರ ಬೆಲೆ ಗೊತ್ತು.

ಅವನು ನೋಡಲೇಬೇಕಾದದ್ದು ನಾಯಿಯನ್ನು. ಮಧ್ಯಾಹ್ನವಾದರೆ ಬಳೆಗಾರ್ತಿಯ ನಾಯಿ ಗೋಡೆ ಹಾರಿ ಬಂದು ಸಾಲುಗಳ ನಡುವೆ ಹೊಟ್ಟೆ ಚೆಲ್ಲಿ ಮಲಗುತ್ತಿತ್ತು. ಗಾಣಿಗ ಕೋಲು ತೆಗೆದುಕೊಂಡು ಅಟ್ಟುತ್ತಿದ್ದ. ಅವನು ಕೋಲು ಇಡುವಷ್ಟರಲ್ಲಿ ಅದು ಬಂದು ಮಲಗಿರುತ್ತಿತ್ತು.

ಶಿವರಾತ್ರಿಗೆ ಮೊದಲು ಗಿಡ ಹಳದಿಯಾಗಿ ಬಾಡಿತು. ಗಾಣಿಗ ಅಗೆದ. ಬುಡಬುಡಕ್ಕೂ ಗಡ್ಡೆ! ಒಂದೊಂದು ನನ್ನ ಮುಷ್ಟಿಯಷ್ಟು. ಒಂದು ಗಡ್ಡೆಯನ್ನಂತೂ ಎಳೆದು ತೆಗೆಯಲು ಗಾಣದ ಎತ್ತು ಕಟ್ಟಬೇಕಾಯಿತು.

ಇಲ್ಲಿ ಹಾಲಯ್ಯ ತಡೆದ. "ಗುರುಗಳೇ!"

"ಆಯಿತಪ್ಪ, ಕರು ಕಟ್ಟಿದರು" ಎಂದು ಗುರುಗಳು ಮುಂದುವರಿಸಿದರು.

ಗಾಣಿಗ ಅರಳಿಕಟ್ಟೆಯ ಮೇಲೆ ಕೂತ. ಎದ್ದು ಮನೆಗೆ ಹೋಗುವುದನ್ನೇ ಬಿಟ್ಟ. ಬಂದವರಿಗೆಲ್ಲ ಪಾಠ ಹೇಳಿದ. "ಆಲೂಗಡ್ಡೆಗೆ ಬೇಕಾದ್ದು ತಂಪು ಸೀಮೆಯಲ್ಲ ಕಣ್ರಪ್ಪಾ. ನನ್ನಂಥ ಮಾಲೀಕ. ನನ್ನ ಹಿಂಡಿ, ನನ್ನ ಕೈಗುಣ." ಮೀಸೆ ಎರಡು ಕಡೆಗೂ ಇಷ್ಟಿಷ್ಟು ಬೆಳೆಯಿತು.

ಕೇರಿಗೆಲ್ಲ ತೋರಿಸಿಯಾದ ಮೇಲೆ ಉಳಿದದ್ದು ಬಳೆಗಾರ್ತಿ. ಗಾಣಿಗ ಒಂದು ಬುಟ್ಟಿ ತುಂಬ ಗಡ್ಡೆ ತುಂಬಿ ಗೋಡೆಯ ಮೇಲಿಟ್ಟ.

"ಬಳೆಯವ್ವಾ, ಕಣ್ಣು ಬಿಟ್ಟು ನೋಡು! ನಿನ್ನ ಕಸ, ನಿನ್ನ ನಾಯಿ, ನಿನ್ನ ನಾಲಿಗೆ, ಮೂರನ್ನೂ ಮೀರಿ ಬೆಳೆದದ್ದು!"

ಅವಳು ನೋಡಿ ಹೊಟ್ಟೆ ಉರಿದುಕೊಂಡ ಮೇಲೆ ಬುಟ್ಟಿಯನ್ನು ವಾಪಸ್ಸು ತೆಗೆದುಕೊಳ್ಳುವುದು ಅವನ ಲೆಕ್ಕ. ಆದರೆ ಬಳೆಗಾರ್ತಿಗೆ ಕಡೆಯ ಮಾತು ಕೇಳಿಸಲಿಲ್ಲ. ಅವಳು ಒಲೆಯ ಮುಂದೆ ಇದ್ದಳು. ಹೊರಗೆ ಬಂದು ನೋಡಿದರೆ ಗೋಡೆಯ ಮೇಲೆ ಬುಟ್ಟಿ, ಬುಟ್ಟಿ ತುಂಬ ಗಡ್ಡೆ, ಎದುರಿಗೆ ಹಲ್ಲು ಕಿರಿದು ನಿಂತ ಗಾಣಿಗ.

"ಅಯ್ಯೋ" ಎಂದಳು. "ಇಷ್ಟೆಲ್ಲ ಬೈದ ನನಗೂ ಕೊಡಬೇಕು ಅನ್ನಿಸಿತೇನಪ್ಪಾ ನಿನಗೆ!" ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಕಣ್ಣು ಒರೆಸಿಕೊಂಡದ್ದೂ ಕಂಡಿತು.

ಗಾಣಿಗ ಚಾಚಿದ ಕೈಯನ್ನು ಮೀಸೆಗೆ ತಂದುಕೊಂಡ. ಅಳುವ ಹೆಂಗಸಿನ ಕೈಯಿಂದ ಬುಟ್ಟಿ ಕಿತ್ತುಕೊಳ್ಳುವ ಗಂಡಸು ಇನ್ನೂ ಹುಟ್ಟಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ. ನಮ್ಮಲ್ಲೂ ಇದೆ. ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಬಳೆಗಾರ್ತಿ ಆ ಗಡ್ಡೆಯಲ್ಲೇ ಪಲ್ಯ ಮಾಡಿ, ತನ್ನ ಹಿತ್ತಾಳೆ ಬಟ್ಟಲಿಗೆ ತುಂಬಿ, ಬಟ್ಟಲನ್ನು ಬುಟ್ಟಿಯಲ್ಲಿಟ್ಟು ಕಳಿಸಿದಳು. ಗಾಣಿಗನ ಹೆಂಡತಿ ಪಲ್ಯ ತೆಗೆದುಕೊಂಡಳು. ಈಗ ಬಟ್ಟಲು ಬರಿದಾಯಿತು. ಬರಿ ಬಟ್ಟಲು ಕಳಿಸುವುದು ಹೇಗೆ? ಎಳ್ಳುಂಡೆ ತುಂಬಿ ಕಳಿಸಿದಳು. ಬಳೆಗಾರ್ತಿ ಅದೇ ಬಟ್ಟಲಿಗೆ ತಂಬಿಟ್ಟು ತುಂಬಿ ಕಳಿಸಿದಳು. ಇತ್ತಣಿಂದ ಚಟ್ನಿಪುಡಿ. ಅತ್ತಣಿಂದ ಹೋಳಿಗೆ. ಬಟ್ಟಲು ಯಾರ ಮನೆಯದು ಎಂಬುದೇ ಮರೆತುಹೋಯಿತು. ಅದು ಗೋಡೆಯ ಮೇಲೆ ಓಡಾಡಿ ಓಡಾಡಿ, ಎದೆಯೆತ್ತರವಿದ್ದ ಗೋಡೆ ಸವೆದು ಸೊಂಟದ ಮಟ್ಟಕ್ಕೆ ಇಳಿಯಿತು. ನಾನು ಅಳೆದು ನೋಡಿದ್ದೇನೆ. ನನ್ನ ಸೊಂಟ.

ಯುಗಾದಿಯ ಹೊತ್ತಿಗೆ ಎರಡು ಮನೆಯವರೂ ಒಂದೇ ಒರಳಲ್ಲಿ ರುಬ್ಬುತ್ತಿದ್ದರು.

ಮತ್ತೆ ದೀಪಾವಳಿ ಕಳೆಯಿತು. ಗಾಣಿಗ ಅರಳಿಕಟ್ಟೆಯ ಮೇಲಿಂದ ಘೋಷಿಸಿದ. "ಈ ಸಲ ಕೇರಿಗೆಲ್ಲ ನಮ್ಮ ಹಿತ್ತಲಲ್ಲಿ ಊಟ. ಆಲೂಗಡ್ಡೆ ಪಲ್ಯ, ಆಲೂಗಡ್ಡೆ ಹುಳಿ, ಆಲೂಗಡ್ಡೆ ಬೋಂಡ. ಗಡ್ಡೆ ಬರಲಿಲ್ಲವೋ, ಅದೇ ಪಂಕ್ತಿಯಲ್ಲಿ ಈ ಮೀಸೆ ಬೋಳಿಸಿ."

ಅದೇ ಸಾಲು, ಅದೇ ಬೂದಿ, ಅದೇ ಹಿಂಡಿ, ಅದೇ ನೀರು. ಒಂದು ಮಾತ್ರ ಬೇರೆ. ಬಳೆಗಾರ್ತಿ ಈಗ ಎಲೆ ಸುರಿಯಲಿಲ್ಲ. ತನ್ನ ಹಿತ್ತಲಿನ ಮೂಲೆಯಲ್ಲಿ ರಾಶಿ ಹಾಕಿದಳು. ಅಷ್ಟೇ ಅಲ್ಲ, "ಛೇ, ಹೋದ ವರ್ಷ ಎಂಥ ಕೆಲಸ ಮಾಡಿದೆ" ಎಂದು ನೊಂದು, ದಿನಾ ಬೆಳಗ್ಗೆ ಬಂದು ಗಾಣಿಗನ ಪಾತಿಯನ್ನೂ ಗುಡಿಸಿದಳು. ಒಂದು ಕಡ್ಡಿ ಬೀಳಲು ಬಿಡಲಿಲ್ಲ. ಪಾತಿ ಮದುವೆ ಚಪ್ಪರದ ಹಾಗೆ ಹೊಳೆಯಿತು. ಸುತ್ತ ರಂಗೋಲಿ ಬಿಡುವುದೊಂದು ಬಾಕಿ.

ಗಿಡಗಳು ಸೊಂಪಾಗಿ ಎದ್ದವು. ದಾರಿಹೋಕರು ನಿಂತು ನೋಡಿದರು. "ಗಿಡವೇ ಹೀಗಿದ್ದರೆ ಗಡ್ಡೆ ಹೇಗಿರಬೇಕು!" ಎಂದರು.

ಅಗೆಯುವ ದಿನ ಕೇರಿಯೆಲ್ಲ ಬಂತು. ಹೆಂಗಸರು ಮೆಣಸಿನಕಾಯಿ ಹೆಚ್ಚಿಕೊಂಡು ಬಂದಿದ್ದರು. ಒಲೆಯ ಮೇಲೆ ಬಾಣಲೆ ಇಟ್ಟು ಎಣ್ಣೆ ಕಾಯಿಸಿದ್ದರು. ಗಾಣಿಗ ಗುದ್ದಲಿ ಹಾಕಿದ. ಮೊದಲನೆಯ ಬುಡದಲ್ಲಿ ಗೋಲಿಯಷ್ಟು ಒಂದು ಗಡ್ಡೆ. ಎರಡನೆಯದರಲ್ಲಿ ಕಡಲೆಯಷ್ಟು. ಮೂರನೆಯದರಲ್ಲಿ ಬೇರು. ಮೇಲೆ ಬಿಸಿಲು ತಾಗಿದ ಒಂದೆರಡು ಹಸಿರಾಗಿ, ಕಹಿಯಾಗಿ, ನಾಯಿಗೂ ಬೇಡವಾಗಿದ್ದವು. ಸಾಲು ಮುಗಿಯಿತು. ಬೋಂಡ ಮಾಡಲು ಒಂದು ಬೊಗಸೆಯೂ ತುಂಬಲಿಲ್ಲ.

ಕೇರಿಯ ಕ್ಷೌರಿಕ ಕಲ್ಲಿನ ಮೇಲೆ ಕತ್ತಿ ಮಸೆದ.

ಗಾಣಿಗ ಮೀಸೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಆಗ ಕೇರಿಯ ಹಿರಿಯನೊಬ್ಬ ಎದ್ದ.

"ನ್ಯಾಯ ನ್ಯಾಯವಾಗಿರಬೇಕು. ಬೆಳೆ ಪೂರ್ತಿ ಸೋತಿಲ್ಲ. ಮೇಲಿನ ಅರ್ಧ ಚೆನ್ನಾಗಿಯೇ ಬಂದಿದೆ, ಗಿಡ ನೋಡಿ. ಕೆಳಗಿನ ಅರ್ಧ ಬಂದಿಲ್ಲ. ಆದ್ದರಿಂದ ಮೀಸೆಯೂ ಅರ್ಧ ಹೋಗಲಿ. ಉಳಿದ ಅರ್ಧಕ್ಕೆ ಮುಂದಿನ ಬೆಳೆಯವರೆಗೆ ವಾಯಿದೆ."

ಇದಕ್ಕಿಂತ ನೇರವಾದ ತೀರ್ಪನ್ನು ನಾನೂ ಕೊಟ್ಟಿರಲಾರೆ. ಎಡಮೀಸೆ ಹೋಯಿತು. ಬಲಮೀಸೆ ಉಳಿಯಿತು.

ಆ ವರ್ಷ ಗಾಣಿಗ ಬೀದಿಯಲ್ಲಿ ಗೋಡೆಗೆ ಎಡಗೆನ್ನೆ ಒತ್ತಿಕೊಂಡು ನಡೆದ. ಹೋಗುವಾಗ ಎಡಗಡೆಯ ಗೋಡೆ, ಬರುವಾಗ ಎದುರು ಗೋಡೆ. ಬೋಳಿಸಿದ ಅರ್ಧ ಮತ್ತೆ ಚಿಗುರತೊಡಗಿದರೆ ಕ್ಷೌರಿಕ ಕರೆಯದೆಯೇ ಬಂದು ಬೋಳಿಸಿ ಹೋಗುತ್ತಿದ್ದ. ತೀರ್ಪಿನ ಮೇಲೆ ಮೀಸೆ ಬೆಳೆಯಬಾರದಲ್ಲ. ಎಣ್ಣೆಗೆ ಬಂದವರು ಎಣ್ಣೆ ಕೇಳುವ ಮೊದಲು ಮುಖ ನೋಡಿ ನಗುತ್ತಿದ್ದರು. ಹೆಂಡತಿ ಮಾತ್ರ ನಗಲಿಲ್ಲ. ಊಟಕ್ಕೆ ಬಡಿಸುವಾಗ ಅವನ ಬಲಗಡೆಯೇ ಕೂರುತ್ತಿದ್ದಳು.

"ಇನ್ನೊಂದು ಅರ್ಧವೂ ಹೋದರೆ?" ಎಂದು ಒಂದು ದಿನ ಕೇಳಿದ.

"ಹೋದರೆ ಎರಡೂ ಕಡೆ ಸಮ ಆಗುತ್ತೆ ಬಿಡಿ" ಎಂದಳು. ಆದರೆ ಅವಳ ಧ್ವನಿ ಸಮ ಇರಲಿಲ್ಲ.

ತನ್ನ ಬೆಳೆ ಯಾಕೆ ಕೈಕೊಟ್ಟಿತು? ಗಾಣಿಗ ಹಿಂಡಿಯನ್ನು ಮೂಸಿ ನೋಡಿದ. ಬೂದಿಯನ್ನು ನೆಕ್ಕಿ ನೋಡಿದ. ಕೈಗುಣ ಹೋಯಿತೇ ಎಂದು ಕೈ ನೋಡಿಕೊಂಡ. ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಅವನು ಹಿತ್ತಲಲ್ಲಿ ಕೂತಿದ್ದ. ನೆಲ ಹಂಚಿನ ಹಾಗೆ ಕಾದಿತ್ತು. ಆಗ ಒಂದು ಸಂಗತಿ ನೆನಪಾಯಿತು. ನಾಯಿ ಬರುತ್ತಿಲ್ಲ. ಸೋತ ಬೆಳೆಯ ಕಾಲದಲ್ಲೂ ಬಂದಿರಲಿಲ್ಲ. ಅಟ್ಟುವಾಗ ಬರುತ್ತಿತ್ತು. ಈಗ ಕರೆದು ಅನ್ನ ಹಾಕುವ ಮನೆಗೆ ಯಾಕೆ ಬರುವುದಿಲ್ಲ?

ಗೋಡೆಯಾಚೆ ಇಣುಕಿದ. ನಾಯಿ ಮೂಲೆಯ ಎಲೆರಾಶಿಯಲ್ಲಿ ಕುಣಿ ಮಾಡಿಕೊಂಡು ಹೊಟ್ಟೆ ಚೆಲ್ಲಿ ಮಲಗಿತ್ತು. ಗಾಣಿಗ ಗೋಡೆ ದಾಟಿದ. ನಾಯಿಯನ್ನು ಪಕ್ಕಕ್ಕೆ ಸರಿಸಿ, ಎಲೆಯೊಳಗೆ ಕೈ ತೂರಿಸಿದ. ಕೆಳಗಿನ ಮಣ್ಣು ಒದ್ದೆಯಾಗಿ, ಮಣ್ಣಿನ ಹೂಜಿಯ ಹಾಗೆ ತಣ್ಣಗಿತ್ತು. ತನ್ನ ಹಿತ್ತಲಿಗೆ ಬಂದು ಗುಡಿಸಿದ ಪಾತಿಗೆ ಕೈಯಿಟ್ಟ. ಚುರ್ ಎಂದಿತು.

ಮತ್ತೊಮ್ಮೆ ಅಲ್ಲಿ ಕೈಯಿಟ್ಟ. ಮತ್ತೊಮ್ಮೆ ಇಲ್ಲಿ. ಎರಡು ಹಿತ್ತಲಿನ ನಡುವೆ ಅವನು ಗೋಡೆ ಹಾರುವುದನ್ನು ನೋಡಿ ಬಳೆಗಾರ್ತಿ ಹೆದರಿದಳು.

"ಏನಾಯಿತಪ್ಪಾ? ಬಿಸಿಲು ತಲೆಗೆ ಏರಿತೇ?"

ಗಾಣಿಗ ಅವಳ ಮುಂದೆ ಕೈಮುಗಿದು ನಿಂತ. "ಬಳೆಯವ್ವಾ, ಈ ಚಳಿಗಾಲಕ್ಕೆ ನೀನು ಮತ್ತೆ ನನ್ನ ಮೇಲೆ ಕಸ ಸುರಿಯಬೇಕು."

"ಥೂ! ಅಂಥ ಮಾತಾಡಬೇಡ. ನಾವು ಈಗ ಒಂದೇ ಮನೆಯವರ ಹಾಗಲ್ಲವೇ?"

"ಅದಕ್ಕೇ ಕೇಳ್ತಿದ್ದೀನಿ. ಸುರಿ. ಬೈಗುಳವನ್ನೂ ಬಿಡಬೇಡ."

"ಎಲೆ ಬೇಕಾದರೆ ಬುಟ್ಟಿಯಲ್ಲಿ ತಂದು ಮೆತ್ತಗೆ ಹಾಸಿಕೊಡ್ತೀನಿ. ಬೈಯೋದು ಯಾಕೆ?"

"ಮೊದಲನೆಯ ಸಲ ಎರಡೂ ಇತ್ತು. ಗಡ್ಡೆ ಎಲೆಗೆ ಕೂತಿತೋ ಬೈಗುಳಕ್ಕೆ ಕೂತಿತೋ ನನಗೇನು ಗೊತ್ತು? ಇರೋದು ಅರ್ಧ ಮೀಸೆ. ಪರೀಕ್ಷೆ ಮಾಡೋಕೆ ಆಗೋಲ್ಲ ತಾಯಿ."

ಮೂರನೆಯ ದೀಪಾವಳಿ ಕಳೆಯಿತು. ಗಾಣಿಗ ನೆಟ್ಟ. ಬೆಳಗ್ಗೆ ಬಳೆಗಾರ್ತಿ ಎಲೆಯ ಬುಟ್ಟಿ ಹೊತ್ತು ಗೋಡೆಯ ಬಳಿಗೆ ಬಂದಳು. ಬಾಯಿ ತೆರೆದಳು. ಬೈಗುಳ ಬರಲಿಲ್ಲ. ನಿನ್ನೆ ತಾನೇ ಅವನ ಮನೆಯ ಎಳ್ಳುಂಡೆ ತಿಂದ ಬಾಯಿ.

"ಎಲೋ... ಗಾಣದೆತ್ತೇ... ಊಟ ಆಯಿತಾ?"

"ಇದು ಬೈಗುಳವೇ ಬಳೆಯವ್ವಾ? ಇಷ್ಟಕ್ಕೆ ಮೂಲಂಗಿಯೂ ಬರೋದಿಲ್ಲ!"

ಗಾಣಿಗನ ಹೆಂಡತಿ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಅಕ್ಕಾ, ನಿಮಗೆ ಆಗದಿದ್ದರೆ ಬಿಡಿ. ನನ್ನ ಹತ್ತಿರ ಮದುವೆಯಾದಾಗಿನಿಂದ ಕೂಡಿಟ್ಟದ್ದು ಬೇಕಾದಷ್ಟಿದೆ." ಗಂಡನ ಕಡೆ ತಿರುಗಿ ಶುರುಮಾಡಿದಳು. ಅವಳು ನಿಲ್ಲಿಸುವ ಹೊತ್ತಿಗೆ ಎಲೆಯ ಬುಟ್ಟಿ ಬರಿದಾಗಿತ್ತು, ಬೀದಿಯಲ್ಲಿ ಜನ ಸೇರಿದ್ದರು, ಗಾಣಿಗನ ಬಲಮೀಸೆ ಕೆಳಕ್ಕೆ ಇಳಿದಿತ್ತು. ಬಳೆಗಾರ್ತಿ ಬೆರಗಾಗಿ, "ನಾನು ಇಷ್ಟು ದಿನ ಸುಮ್ಮನೆ ನನ್ನನ್ನೇ ಪಂಡಿತೆ ಅಂದುಕೊಂಡಿದ್ದೆ" ಎಂದಳು.

ಹೀಗೆ ದಿನಾ ಬೆಳಗ್ಗೆ ಎಲೆ, ಹುಲ್ಲು, ಬೈಗುಳ. ಆಮೇಲೆ ಮೂವರೂ ಗೋಡೆಯ ಮೇಲೆ ಕೂತು ಮಜ್ಜಿಗೆ ಕುಡಿಯುವುದು. ಗಾಣಿಗ ಇನ್ನೂ ಒಂದು ಎಚ್ಚರ ವಹಿಸಿದ. ಮಧ್ಯಾಹ್ನ ನಾಯಿ ಬಂದು ಮಲಗಿದರೆ ಕೋಲು ತೆಗೆದುಕೊಂಡು ಅಟ್ಟಿದ. ಅದು ವಾಪಸ್ಸು ಬರುವವರೆಗೆ ಎದೆ ಹಿಡಿದುಕೊಂಡು ಕಾದ.

ಈ ಹೊತ್ತಿಗೆ ಆಶ್ರಮದ ಅಂಗಳದಲ್ಲಿ ಸದ್ದಾಯಿತು. ಯಾತ್ರಿಕರು ಬೆಟ್ಟ ಇಳಿದು ಬಂದಿದ್ದರು. ಕಾಲು ತೊಳೆಯುವ ನೀರಿನ ಸದ್ದು ಕೇಳಿತು. ಕೊಟ್ರಯ್ಯ ಬಂದು, ಗುರುಗಳು ಒರೆಸಿಟ್ಟಿದ್ದ ಎಲೆಗಳನ್ನು ಎತ್ತಿಕೊಂಡು, ಹಾಲಯ್ಯನ ಸೊಂಟದ ಬೀಗದ ಕೈಯನ್ನು ನೋಡಿ, ಜಗಲಿಗೆ ಹೋದ. ಹಾಲಯ್ಯ ಅವನ ಕಡೆ ನೋಡಲಿಲ್ಲ.

"ಗಡ್ಡೆ ಬಂತೇ ಗುರುಗಳೇ?" ಎಂದ.

"ಬಂತೇ ಎಂದರೆ!" ಎಂದು ಗುರುಗಳು ಸ್ವಲ್ಪ ಬೇಗ ಬೇಗ ಹೇಳತೊಡಗಿದರು.

ಅಗೆಯುವ ದಿನ ಕೇರಿ ಮತ್ತೆ ಸೇರಿತು. ಕ್ಷೌರಿಕ ಈ ಸಲ ಬರುವಾಗಲೇ ಕತ್ತಿ ಮಸೆದುಕೊಂಡು ಬಂದಿದ್ದ. ಗಾಣಿಗ ಗುದ್ದಲಿ ಎತ್ತಿದ. ಎತ್ತಿದ್ದನ್ನು ಇಳಿಸಲಿಲ್ಲ. ಹೆಂಡತಿ ಅವನ ಕೈಯಿಂದ ಗುದ್ದಲಿ ತೆಗೆದುಕೊಂಡು ತಾನೇ ಹಾಕಿದಳು. ಎಲೆ ಸರಿಯಿತು, ಮಣ್ಣು ಬಿರಿಯಿತು. ಗಡ್ಡೆ, ಗಡ್ಡೆಯ ಪಕ್ಕ ಗಡ್ಡೆ, ಅದರ ಕೆಳಗೆ ಇನ್ನೊಂದು. ಹೆಂಗಸರು ಮಡಿಲಿಗೆ ತುಂಬಿಕೊಂಡರು. ಮಕ್ಕಳು ಅಂಗಿಗೆ ತುಂಬಿಕೊಂಡರು. ಕ್ಷೌರಿಕ ಕತ್ತಿಯಿಂದಲೇ ಸಿಪ್ಪೆ ಹೆರೆಯಲು ಕೂತ. ಹಿರಿಯ ಎದ್ದು, "ಬಲಮೀಸೆ ಉಳಿಯಿತು, ಎಡಮೀಸೆ ಬಿಡುಗಡೆಯಾಯಿತು" ಎಂದು ತೀರ್ಪು ಕೊಟ್ಟ.

ಹಿತ್ತಲಲ್ಲೇ ಅಡುಗೆಯಾಯಿತು. ಸಾಲಾಗಿ ಎಲೆ ಹಾಕಿದರು. ಮೊದಲನೆಯ ಎಲೆ ನನ್ನದು. ಗಾಣಿಗ ಅನ್ನ, ಅವನ ಹೆಂಡತಿ ಪಲ್ಯ, ಬಳೆಗಾರ್ತಿ ಬೋಂಡ, ಹೀಗೆ ಬಡಿಸುತ್ತ ಬಂದರು. ಒಂದು ಸುತ್ತು ಆಗಿತ್ತು. ಆಗ ಗಾಣಿಗ, ಬಾಯಿ ಸುಮ್ಮನಿರಲಾರದೆ, "ಹೇಗಿದೆ ನನ್ನ ಬೆಳೆ?" ಎಂದ.

ಬಳೆಗಾರ್ತಿಯ ಕೈ ನಿಂತಿತು. "ನಿನ್ನ ಬೆಳೆಯೇ? ನನ್ನ ಎಲೆ ಇಲ್ಲದಿದ್ದಾಗ ಏನು ಬೆಳೆದಿದ್ದೆ? ಗೋಲಿ!"

"ನಿನ್ನ ಎಲೆಯಲ್ಲಿ ಗಡ್ಡೆ ಬರುವ ಹಾಗಿದ್ದರೆ ನಿನ್ನ ಹಿತ್ತಲಿನ ಮೂಲೆಯಲ್ಲೇ ಬರಬೇಕಿತ್ತು. ಹಿಂಡಿ ನನ್ನದು!"

"ನೀರು ಸೇದಿದವಳು ಯಾರು? ಬೈದವಳು ಯಾರು? ಗುದ್ದಲಿ ಹಾಕಿದವಳು ಯಾರು?" ಎಂದಳು ಹೆಂಡತಿ, ಪಲ್ಯದ ಪಾತ್ರೆಯನ್ನು ನೆಲಕ್ಕಿಟ್ಟು.

"ತೀರ್ಪು ಕೊಟ್ಟು ವಾಯಿದೆ ಕೊಡದಿದ್ದರೆ ಮೂರನೆಯ ಬೆಳೆಯೇ ಇರುತ್ತಿರಲಿಲ್ಲ" ಎಂದ ಹಿರಿಯ. "ಅರ್ಧ ಬೋಳಿಸಿ ಹಠ ಹುಟ್ಟಿಸಿದವನು ನಾನು" ಎಂದ ಕ್ಷೌರಿಕ. "ಹಾಗೆ ನೋಡಿದರೆ ನನ್ನ ನಾಯಿಯೇ ಗುರು" ಎಂದಳು ಬಳೆಗಾರ್ತಿ. ನಾಯಿ ಕೂಡ ಎರಡು ಸಲ ಬೊಗಳಿತು. ಎಲ್ಲರೂ ಅಗೆದ ಪಾತಿಯ ಬಳಿ ಸೇರಿ ಕೂಗಾಡಿದರು. ಈ ಸಲದ ಬೈಗುಳ ನಿಜವಾದದ್ದು. ದಿನಾ ಬೆಳಗ್ಗೆ ಬೈಗುಳ ಕೇಳಿ ಮಜ್ಜಿಗೆ ಕುಡಿದ ಮೂವರೂ ಅದರಲ್ಲಿ ಪಳಗಿದ್ದರು.

ಪಂಕ್ತಿಯಲ್ಲಿ ಕೂತವರು ಕಾದರು. ಅನ್ನದ ಮೇಲೆ ಕೈಯಿಟ್ಟುಕೊಂಡು ಕಾದರು. ಪಾತ್ರೆ ಅಲ್ಲೇ ಇತ್ತು. ಪಲ್ಯದ ಹಬೆ ಆಡುತ್ತಿತ್ತು. ಕೊನೆಗೆ ಒಬ್ಬ ಎದ್ದ. ನಾನೇ ಎದ್ದೆ, ಇನ್ನಾರಿಗೆ ಅಷ್ಟು ಧೈರ್ಯ? ನೆಲದ ಮೇಲಿದ್ದ ಸೌಟು ತೆಗೆದುಕೊಂಡು ಬಡಿಸುತ್ತ ಹೋದೆ. ಎಲ್ಲರಿಗೂ ಆಯಿತು. ಇನ್ನೊಂದು ಸುತ್ತೂ ಆಯಿತು.

ಅತ್ತ ಜಗಳ ಮುಗಿಯುವಾಗ ಇತ್ತ ಪಂಕ್ತಿ ಎದ್ದು ಕೈ ತೊಳೆದಾಗಿತ್ತು. ಜನ ತಾಂಬೂಲ ಹಾಕಿಕೊಂಡು ಮನೆಗೆ ಹೋಗಿದ್ದರು. ಗಾಣಿಗ, ಹೆಂಡತಿ, ಬಳೆಗಾರ್ತಿ ಮೂವರೂ ತಿರುಗಿ ನೋಡಿದರು. ಪಾತ್ರೆಯ ತಳದಲ್ಲಿ ಒಂದು ಕರಿಬೇವಿನ ಎಲೆ ಉಳಿದಿತ್ತು. ಆ ಸಲ ತಾವು ಬೆಳೆದದ್ದರ ರುಚಿ ಮೂವರಿಗೂ ಗೊತ್ತಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಎದ್ದರು.

ಜಗಲಿಯಿಂದ ಕೊಟ್ರಯ್ಯನ ಧ್ವನಿ ಬಂತು. "ಹಾಲಯ್ಯಾ, ಎಲೆ ಹಾಕಿದ್ದೀನಿ. ನೀರೂ ಇಟ್ಟಿದ್ದೀನಿ."

ಹಾಲಯ್ಯ ಬೀಗಕ್ಕೆ ಕೈ ಹಾಕಲಿಲ್ಲ. ಗುರುಗಳ ಹಿಂದೆಯೇ ಬಂದು, "ಆದರೂ ಗುರುಗಳೇ, ಆ ಗಡ್ಡೆ ಯಾರ ಬೆಳೆ ಅಂತ ಕಡೆಗೂ ತೀರ್ಮಾನವಾಗಲೇ ಇಲ್ಲವೇ? ತಿಂದವರಲ್ಲಿ ಒಬ್ಬರಾದರೂ ಅದನ್ನು ಕೇಳಬೇಕಿತ್ತಲ್ಲ?" ಎಂದ.

ಗುರುಗಳು ಜಗಲಿಗೆ ಹೋಗಿ, ಹಸಿದು ಕೂತಿದ್ದ ಯಾತ್ರಿಕರ ನಡುವೆ ಒಂದು ಎಲೆಯ ಮುಂದೆ ಕೂತರು. ಎಲೆಗೆ ನೀರು ಚಿಮುಕಿಸಿದರು. ಅಲ್ಲಿಂದಲೇ ತಲೆಯೆತ್ತಿ ಅವರು ಹೇಳಿದ ಒಂದು ಮಾತಿಗೆ ಉತ್ತರವಾಗಿ ಬಂದದ್ದು ಹಾಲಯ್ಯ ಅಡುಗೆಮನೆಯ ಬೀಗ ತೆರೆದ ಸದ್ದು.

"ನಮ್ಮ ಪಂಕ್ತಿಯಲ್ಲಿ ಯಾರೂ ಅದನ್ನು ಕೇಳಲಿಲ್ಲ ಹಾಲಯ್ಯಾ, ಎಲ್ಲರೂ ಕೇಳಿದ್ದು ಇನ್ನೊಂದು ಸೌಟು ಪಲ್ಯ."